ಬರೆಯಲು ಕಲಿತು ಬಂದ ಬೇಸಿಗೆ ರಜೆ

ಬರೆಯುವುದನ್ನೇ ಕಾಲೇಜಿನಲ್ಲಿ ಕಲಿಯಲು ಹೊರಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಅರವತ್ತರ ದಶಕದಲ್ಲಿ ನಾನು ಮೈಸೂರಿನಲ್ಲಿ ಬಿ.ಎ.ಗೆ ಪತ್ರಿಕೋದ್ಯಮ ತೆಗೆದುಕೊಂಡಿದ್ದೆ. ಹೊಸನಗರದಲ್ಲಿ ಹೋಟೆಲು ನಡೆಸುತ್ತಿದ್ದ ಅಪ್ಪನಿಗೆ ಅದೊಂದು ಓದು ಅಂತಲೇ ಅನ್ನಿಸಿರಲಿಲ್ಲ. ಮೊದಲ ರಜೆಗೆ ಬಂದಾಗ ಹೇಳಿಬಿಟ್ಟರು: "ಏನು ಕಲ್ತು ಬಂದೆ ಅಂತ ಈ ರಜೇಲಿ ತೋರ್ಸು. ಇಲ್ದಿದ್ರೆ ಮೈಸೂರು ಸಾಕು, ದೋಸೆ ಕಾವಲಿ ಮುಂದೆ ನಿಂತ್ಕೊ." ನನಗೆ ನಿಜಕ್ಕೂ ಹೆದರಿಕೆಯಾಯಿತು.

೧. ಬೋರ್ಡು

ಒಂದು ಮಾತೂ ಹೆಚ್ಚಾಗಬಾರದು ಎನ್ನುವುದು ಕಾಲೇಜಿನ ನಮ್ಮ ಮೇಷ್ಟ್ರ ಸೂತ್ರ. ಹೋಟೆಲಿನ ಬೋರ್ಡಿನ ಮೇಲೆ ಹದಿನಾಲ್ಕು ತಿಂಡಿಗಳ ಹೆಸರಿದ್ದವು. ಎಲ್ಲ ಅಳಿಸಿ "ತಿಂಡಿ ಇದೆ" ಎಂದು ಬರೆದೆ. ಬಂದವರೆಲ್ಲ "ಎಂತ ತಿಂಡಿ?" ಎಂದು ಕೇಳುವವರೇ. ಮಧ್ಯಾಹ್ನದ ಹೊತ್ತಿಗೆ ಸಪ್ಲೈಯರ್‌ನ ಗಂಟಲು ಕಟ್ಟಿತ್ತು.

"ನೀವು ಅಳಿಸಿದ್ದನ್ನೆಲ್ಲ ನಾನು ಕೂಗ್ಬೇಕಾಯ್ತು," ಎಂದ.

೨. ಎಮ್ಮೆ

ಪಕ್ಕದ ಮನೆಯ ಅಜ್ಜಿಯ ಎಮ್ಮೆ ಕಳೆದುಹೋಯಿತು. ನಾನು ಸುದ್ದಿಗಾರನ ಕ್ರಮದಂತೆ ನೋಟ್‌ಬುಕ್ಕು ಹಿಡಿದು ಎಲ್ಲಿ, ಯಾವಾಗ, ಹೇಗೆ ಎಂದೆಲ್ಲ ಕೇಳಿದೆ. ಅಜ್ಜಿ ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟರು. ಕೊನೆಗೆ, "ಯಾಕೆ ಹೋಯ್ತು?" ಎಂದೆ.

"ಅದನ್ನ ಎಮ್ಮೆನೇ ಹೇಳ್ಬೇಕು ಮಾರಾಯ. ಮೊದ್ಲು ಹುಡ್ಕಿ ಕೊಡು, ಆಮೇಲೆ ಕೇಳ್ಕೊ."

೩. ಕಾರ್ಡು

ಅಕ್ಕನನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನವರು ಬರುವುದಿತ್ತು. "ಯಾವತ್ತು ಬರ್ಬೇಕು ಅಂತ ಒಂದು ಕಾರ್ಡು ಹಾಕು. ಇದೇ ನಿನ್ನ ಪರೀಕ್ಷೆ," ಎಂದರು ಅಪ್ಪ. ನಾನು ಮೇಷ್ಟ್ರ ಸೂತ್ರ ಬಿಡಲಿಲ್ಲ. ಮೇಲಿನ ಶ್ರೀಕಾರ, ಕ್ಷೇಮ ಸಮಾಚಾರ ಎಲ್ಲ ಕೈಬಿಟ್ಟು, "ಸೋಮವಾರ ಬೆಳಿಗ್ಗೆ ಎಲ್ಲರೂ ಬನ್ನಿ" ಎಂದಷ್ಟೇ ಬರೆದು ನನ್ನ ಸಹಿ ಹಾಕಿದೆ.

ಸೋಮವಾರ ಬಂದರು. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ನಾನು ಕೇಸರಿಬಾತ್ ತಂದಿಟ್ಟರೆ ಒಬ್ಬರೂ ಮುಟ್ಟಲಿಲ್ಲ. ಗಂಡಿನ ತಂದೆ ನನ್ನ ಬೆನ್ನು ಸವರಿ, "ಇನ್ಮೇಲೆ ಮನೆ ಜವಾಬ್ದಾರಿ ನಿಂದೇ," ಎಂದರು. ಅಷ್ಟರಲ್ಲಿ ಅಪ್ಪ ಶಲ್ಯ ಸರಿಮಾಡಿಕೊಳ್ಳುತ್ತ ಒಳಗಿನಿಂದ ಬಂದು ಕೈಮುಗಿದರು. ಆ ಹಿರಿಯರ ಕೈಯಿಂದ ಕೊಡೆ ಬಿತ್ತು.

"ಶ್ರೀ ಇಲ್ಲ, ಕ್ಷೇಮ ಇಲ್ಲ, ಸಹಿ ಬೇರೆ ಮಗಂದು. ನೀವು ಹೋದ್ರಿ ಅಂತ ನಾವು ಸ್ನಾನಾನೂ ಮಾಡಿದ್ವಲ್ಲ," ಎಂದು ಕಾರ್ಡು ತೋರಿಸಿದರು.

ನಮ್ಮ ಕಡೆ ಸಾವಿನ ಕಾಗದವನ್ನು ಮಾತ್ರ ಹಾಗೆ ಬರೆಯುತ್ತಾರೆ. ನನ್ನ ಮೈಸೂರು ಅಲ್ಲಿಗೆ ಮುಗಿಯಿತು ಎಂದುಕೊಂಡು ತಲೆ ತಗ್ಗಿಸಿದೆ. ಅವರೋ ನಕ್ಕು ನಕ್ಕು ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡರು; ಅಕ್ಕನನ್ನೂ ಒಪ್ಪಿದರು.

ಅವರನ್ನು ಬಸ್ಸು ಹತ್ತಿಸಿ ಬಂದ ಅಪ್ಪ ನನ್ನನ್ನು ಕರೆದರು.

"ಕಾಲೇಜು ಶುರುವಾಗೋದು ಯಾವಾಗ?"

"ಇನ್ನೂ ಹದಿನೈದು ದಿನ ಇದೆ."

"ಪರವಾಗಿಲ್ಲ, ನಾಳೇನೇ ಹೋಗು. ಲಗ್ನಪತ್ರಿಕೆ ಎಲ್ಲ ಪೋಸ್ಟಿಗೆ ಬೀಳೋವರೆಗೆ ಈ ಕಡೆ ತಲೆ ಹಾಕ್ಬೇಡ."