ಮೊದಲು ನೀರು, ಆಮೇಲೆ ಸುದ್ದಿ

ಆವತ್ತು ರಾಯಚೂರಿನ ನಮ್ಮ ಆಫೀಸಿನಲ್ಲಿ ಇದ್ದವರು ಯೋಜನೆಯ ಮುಖ್ಯಸ್ಥೆ ಶಕುಂತಲಾ ಮೇಡಂ, ಮೋಟಾರು ಕೂಡಿಸುವ ಮೌಲಾಸಾಬ್ ಮತ್ತು ನಾನು. ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ನಾವು ಕಟ್ಟುತ್ತಿದ್ದ ಕುಡಿಯುವ ನೀರಿನ ಘಟಕ ಎಲ್ಲಿಗೆ ಬಂತೆಂದು ವಾರವಾರವೂ ದಾನಿಗಳಿಗೂ ಮೇಡಂಗೂ ಇ-ಮೇಲ್ ಬರೆಯುವುದು ನನ್ನ ಕೆಲಸ. ಹಿಂದಿನ ವಾರ ಬರೆದದ್ದನ್ನೇ ಮೇಡಂ ಗಟ್ಟಿಯಾಗಿ ಓದುತ್ತಿದ್ದರು: ‘ಇಲ್ಲಿ ಎಲ್ಲರೂ ಕ್ಷೇಮ. ಗೋಡೆಯ ನೀಲಿ ಬಣ್ಣ ಕಣ್ಣಿಗೆ ತಂಪಾಗಿದೆ. ಗೌಡರ ಮನೆಯಿಂದ ದಿನಾಲೂ ಚಹಾ ಬರುತ್ತದೆ...’ ಹೀಗೇ ಇಳಿದು ಇಳಿದು ಕೊನೆಯ ಸಾಲು: ‘ಅಂದ ಹಾಗೆ, ಮೋಟಾರು ಇನ್ನೂ ಬಂದಿಲ್ಲ.’

“ಇದನ್ನ ಇಷ್ಟು ಕೆಳಗ ಬರದೀರಲ್ರೀ. ಫೋನಿನ್ಯಾಗ ಮ್ಯಾಲಿಂದಷ್ಟ ಓದಿ ದಾನಿಗಳನ್ನ ನಿನ್ನೆ ಊರಿಗೆ ಕರ್ಕೊಂಡು ಹೋದೆ. ನಳ ತಿರುವಿದ್ರ ಬರೇ ಗಾಳಿ. ಮುಂದಿನ ಊರಿಗೂ ಒಂದು ಘಟಕ ಕೊಡ್ತೀವಿ ಅಂದಿದ್ರು, ಆಮ್ಯಾಲ ಆ ಮಾತ ತೆಗಿಲಿಲ್ಲ.”

“ಗಾಳಿ ಮಾತ್ರ ಭಾಳ ಶುದ್ಧ ಇತ್ತು ಬಿಡ್ರಿ ಮೇಡಂ,” ಎಂದ ಮೌಲಾಸಾಬ್.

ತಪ್ಪು ಮಾನ್ವಿಯ ನಮ್ಮಜ್ಜಿಯದು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ನನಗೆ ಮಾತು ಕಲಿಸಿದವಳು ಆಕೆ. ಯಾರೇ ಸುದ್ದಿ ಹೊತ್ತು ಬಂದರೂ ಆಕೆಯ ಮನೆಯ ಹೊಸ್ತಿಲಲ್ಲಿ ಬಾಯಿ ತೆರೆಯುವಂತಿರಲಿಲ್ಲ. “ಮೊದಲ ನೀರು ಕುಡಿಯಪ್ಪಾ, ಸುದ್ದಿ ಎಲ್ಲಿಗೆ ಓಡಿ ಹೋಗತದ?” ತಂಬಿಗೆ ನೀರು, ಅಂಗೈಗೆ ಬೆಲ್ಲ, ಎತ್ತಿನ ಕಾಲುನೋವು, ಸೊಸೆಯ ಬಸಿರು, ಎಲ್ಲ ಮುಗಿದ ಮೇಲೆ ಸುದ್ದಿ. ಒಮ್ಮೆ ನಮ್ಮ ಸೋದರಮಾವ, ಹೊಲದ ಮೇವಿನ ಬಣವಿಗೆ ಬೆಂಕಿ ಬಿದ್ದದ್ದನ್ನು ಹೇಳಲು ಓಡಿ ಬಂದವನು, ಬೆಲ್ಲ ಜಗಿಯುತ್ತ ಕೂತಿದ್ದ. ಬಣವಿ ಬೂದಿಯಾಯಿತು. ಆದರೂ ಆ ಪಡಸಾಲೆಯಲ್ಲಿ ಎಂಥ ಸುದ್ದಿ ಕೇಳಿಯೂ ಯಾರೂ ಎದೆಯೊಡೆದು ಕೂತದ್ದನ್ನು ನಾನು ಕಾಣೆ. ಇ-ಮೇಲನ್ನೂ ನಾನು ಅದೇ ಪಡಸಾಲೆಯಲ್ಲಿ ಕೂತವನಂತೆ ಬರೆಯುತ್ತೇನೆ. ದಾನಿಗಳಿಗೆ ಬೆಲ್ಲವನ್ನೇನೋ ಕೊಟ್ಟಿದ್ದೆ; ನೀರಿಗೆ ಮೋಟಾರೇ ಇರಲಿಲ್ಲ.

ಮೇಡಂ ಹೊಸ ಪಾಠ ಹೇಳಿದರು. ಮೊದಲ ಸಾಲಿಗೇ ಯಾವ ಕೆಲಸ ನಿಂತಿದೆ ಎಂದು ಬರೆಯಬೇಕು. ಆಮೇಲೆ ಯಾಕೆ ನಿಂತಿತು, ಎಂದಿಗೆ ಆದೀತು, ಯಾರಿಂದ ಏನಾಗಬೇಕು. ಚಹಾ ಬೇಡ, ಬಣ್ಣ ಬೇಡ.

ಮೋಟಾರು ಬಂದು, ಮೌಲಾಸಾಬ್ ಅದನ್ನು ಕೂಡಿಸಿದ ದಿನ ನಾನು ಕಲಿತ ವಿದ್ಯೆಯನ್ನೆಲ್ಲ ಸುರಿದು ಬರೆದೆ: ‘ನೀರು ಬಂದಿದೆ.’ ಸ್ವಲ್ಪ ಹೊತ್ತಿಗೆ ಮೇಡಂ ಫೋನು. “ಮೊದಲ ಯಾರು ಕುಡದ್ರು, ಏನಂದ್ರು ಅಂತ ದಾನಿಗಳು ಕೇಳಾಕತ್ತಾರ. ಇಷ್ಟ ಬರದ್ರ ಹ್ಯಾಂಗ್ರೀ?”

ಮತ್ತೆ ಕೂತೆ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರುಮಾಡಿ, ಕೊಡ ತುಂಬುವುದನ್ನೂ ಕಾಯದೆ ಬೊಗಸೆಯೊಡ್ಡಿದ ಮುದುಕಿಯವರೆಗೆ ಎಲ್ಲವನ್ನೂ ಬರೆದೆ.

ಮುಂದಿನ ವಾರ ದಾನಿಗಳಿಂದ ಉದ್ದನೆಯ ಉತ್ತರ ಬಂತು. ಮುಂದಿನ ಊರಿಗೆ ಘಟಕ ಕೊಡುವ ಮಾತು ಅದರ ಕೊನೆಯ ಸಾಲಿನಲ್ಲಿತ್ತು. ಮೇಡಂ ಎಂದಿನಂತೆ ಮೇಲಿನದಷ್ಟೇ ಓದಿದ್ದರು. ನಾನು ಅವರಿಗೆ ಒಂದು ಲೋಟ ನೀರು ಕೊಟ್ಟು, ಕುಡಿದ ಮೇಲೆ ಹೇಳಿದೆ.