ತೊಂಬತ್ತೊಂದನೆಯ ಮರ

ನೊರ್ಮತ್ ಮೇಷ್ಟ್ರ ಸೊಂಟ ಹಿಡಿದುಕೊಂಡದ್ದು ತೊಂಬತ್ತೊಂದನೆಯ ಮರದ ಬುಡದಲ್ಲಿ.

ತೊಂಬತ್ತನೆಯದರವರೆಗೆ ಎಲ್ಲ ಸರಿಯಾಗಿಯೇ ಇತ್ತು. ಶನಿವಾರ ಪ್ರಾಂತ್ಯದ ದೊಡ್ಡವರೊಬ್ಬರು ಮರ್ಗಿಲಾನ್ ಪಟ್ಟಣದ ತುತ್‌ಜೋರ್ ಮೊಹಲ್ಲಾದ ರಸ್ತೆಯಲ್ಲಿ ಕಾರಿನಲ್ಲಿ ಹಾದುಹೋಗುವವರಿದ್ದರು. ದೊಡ್ಡವರು ಹಾದುಹೋಗುವ ರಸ್ತೆಯ ಮರಗಳೆಲ್ಲ ಬುಡದಲ್ಲಿ ಬೆಳ್ಳಗಿರಬೇಕೆಂಬುದು ನಿಯಮ. ಅವಕ್ಕೆ ಸುಣ್ಣ ಬಳಿಯಬೇಕಾದವರು ಮೇಷ್ಟ್ರುಗಳು ಎಂಬುದೂ ನಿಯಮವೇ. ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಹಾಗಾಗಿ ಯಾರೂ ಅಳಿಸಲಾರರು. ದೊಡ್ಡವರ ಕಾರಿನ ಗಾಜು ಕಪ್ಪು. ಒಳಗೆ ಕೂತವರಿಗೆ ಮರ ಬಿಳಿಯೋ ನೀಲಿಯೋ ಕಾಣುವುದಿಲ್ಲ. ಮರಕ್ಕೂ ಚರ್ಮವಿದೆ, ಅದೂ ಉಸಿರಾಡುತ್ತದೆ ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನೊರ್ಮತ್ ಮೇಷ್ಟ್ರು ಗುರುವಾರ ಸಂಜೆ ಬಕೆಟ್ಟು, ಬ್ರಷ್ಷು ಹಿಡಿದು ಮರದಿಂದ ಮರಕ್ಕೆ ಬಾಗುತ್ತ ಹೋದರು. ತೊಂಬತ್ತೊಂದನೆಯದು ಹಳೆಯದೊಂದು ಹಿಪ್ಪುನೇರಳೆ. ಅದಕ್ಕೆ ಅರ್ಧ ಬಳಿಯುವಷ್ಟರಲ್ಲಿ ಸೊಂಟದೊಳಗೆ ಯಾರೋ ಅಗಳಿ ಜಡಿದಂತಾಯಿತು. ಹೇಗೋ ನೆಟ್ಟಗಾದರು. ಆಮೇಲೆ ಬಾಗಲಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಅಂಗಳದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಪೋಪ್ಲರ್ ಮರದ ಹಾಗೆ ನಿಂತಿದ್ದರು. ಹೆಂಡತಿ ಸಬೊಹತ್ ಕಾಲುಚೀಲ ತೊಡಿಸುತ್ತ ಮರುದಿನದ ಸಂಗತಿಯನ್ನು ಮೂರನೆಯ ಸಲ ನೆನಪಿಸಿದಳು. ಮಗಳಿಗೆ ಚೊಚ್ಚಲ ಗಂಡು ಮಗು ಹುಟ್ಟಿ ನಲವತ್ತು ದಿನ ಕಳೆದಿತ್ತು. ಶನಿವಾರ ಮಧ್ಯಾಹ್ನ ಕೊಕಂದ್‌ನಲ್ಲಿ ಬೀಗರ ಮನೆಯಲ್ಲಿ ತೊಟ್ಟಿಲ ಶಾಸ್ತ್ರ. ತೊಟ್ಟಿಲು ಕೊಡುವವರು ತಾಯಿಯ ಕಡೆಯವರು. ಅದನ್ನು ಹೊತ್ತು ಹೊಸಿಲು ದಾಟಿಸುವವನು ತಾಯಿಯ ಅಪ್ಪ. ಕೆಂಪು ಬಣ್ಣ ಬಳಿದ, ಗೆಜ್ಜೆ ಕಟ್ಟಿದ ತೊಟ್ಟಿಲು ಜಗಲಿಯ ಮೇಲೆ ಸಿದ್ಧವಾಗಿ ಕೂತಿತ್ತು.

ಆದರೆ ಶನಿವಾರ ಬೆಳಿಗ್ಗೆ ಐದರಿಂದ ದೊಡ್ಡವರು ಹೋಗುವವರೆಗೆ ಮೇಷ್ಟ್ರುಗಳೆಲ್ಲ ರಸ್ತೆ ಗುಡಿಸಬೇಕಿತ್ತು. ತೊಟ್ಟಿಲೋ ಮದುವೆಯೋ ಮಣ್ಣೋ, ರಜೆ ಇಲ್ಲ ಎಂದು ಹೆಡ್‌ಮೇಷ್ಟ್ರು ಕಮೊಲೋವ್ ಹೇಳಿಬಿಟ್ಟಿದ್ದರು. ಅವರು ಒಪ್ಪುತ್ತಿದ್ದದ್ದು ಒಂದನ್ನೇ: ಡಾಕ್ಟರ ಮೊಹರು ಬಿದ್ದ ಚೀಟಿ. ಹೀಗಾಗಿ ಸೊಂಟ ಹಿಡಿದದ್ದು ನೊರ್ಮತ್ ಮೇಷ್ಟ್ರಿಗೆ ಒಳಗೊಳಗೆ ಖುಷಿಯನ್ನೇ ತಂದಿತ್ತು. ಇವತ್ತು ನೋವಿದ್ದರೆ ಚೀಟಿ. ನಾಳೆಯ ಹೊತ್ತಿಗೆ ನೋವು ಹೋದರೆ ತೊಟ್ಟಿಲು. ಲೆಕ್ಕ ಸರಿಯಾಗಿತ್ತು.

"ಒಂದು ಮಾತು ಕೇಳಿ," ಎಂದಳು ಸಬೊಹತ್. "ಓಪಾ ಬಿಟ್ಟು ಬೇರೆ ಯಾರು ಗುಳಿಗೆ ಕೊಟ್ಟರೂ ನುಂಗಬೇಡಿ. ನುಂಗಿದರೆ ತೊಟ್ಟಿಲು ನಾನು ಹೊರಬೇಕು, ನಿಮ್ಮನ್ನ ಬೀಗರು ಹೊರಬೇಕು."

ಓಪಾ ಎಂದರೆ ಡಾಕ್ಟರ್ ಮಸ್ತುರಾ. ಮೊಹಲ್ಲಾಕ್ಕೆಲ್ಲ ಅಕ್ಕ. ಎರಡು ಚಳಿಗಾಲದ ಹಿಂದೆ ಹಲ್ಲುನೋವಿಗೆಂದು ಮೇಷ್ಟ್ರು ಸಿಕ್ಕಸಿಕ್ಕವರ ಗುಳಿಗೆಗಳನ್ನು ಖಾಲಿ ಹೊಟ್ಟೆಯಲ್ಲಿ ಕಡಲೆಯ ಹಾಗೆ ತಿಂದಿದ್ದರು. ಹಲ್ಲು ಸುಮ್ಮನಾಯಿತು, ಹೊಟ್ಟೆ ಮಾತಾಡಿತು. ಕರುಳಿನ ಹುಣ್ಣು ಒಡೆದು, ಮಲ ಟಾರಿನ ಹಾಗೆ ಕಪ್ಪಾಗಿ, ಹನ್ನೊಂದು ದಿನ ಆಸ್ಪತ್ರೆ. ಅಂದಿನಿಂದ ಅವರ ಕಾರ್ಡಿನ ಮೇಲೆ ಓಪಾ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು: ನನ್ನನ್ನು ಕೇಳದೆ ಈತನಿಗೆ ನೋವಿನ ಗುಳಿಗೆ ಇಲ್ಲ. ಸಬೊಹತ್ ಗಂಡನ ಕೈಯನ್ನು ರೊಟ್ಟಿಯ ಮೇಲಿಡಿಸಿ ಆಣೆ ಮಾಡಿಸಿದಳು. ರೊಟ್ಟಿಯ ಆಣೆ ಎಂದರೆ ಮುಗಿಯಿತು. ಅದನ್ನು ಮುರಿದವನಿಗೆ ಮೊಹಲ್ಲಾದಲ್ಲಿ ಉಪ್ಪೂ ಹುಟ್ಟುವುದಿಲ್ಲ.

ಕ್ಲಿನಿಕ್ಕಿಗೆ ಫೋನು ಮಾಡಿದರೆ ಓಪಾ ಸಂಜೆ ನಾಲ್ಕಕ್ಕೆ ಸಿಗುತ್ತಾರೆ ಎಂದು ತಿಳಿಯಿತು. ಅಲ್ಲಿಯವರೆಗೆ ಆಕೆಯೂ ರಸ್ತೆ ಗುಡಿಸುತ್ತಿದ್ದರು.

ತೊಂದರೆ ಗೇಟಿನಲ್ಲೇ ಶುರುವಾಯಿತು. ಎದುರುಮನೆಯ ಎರ್ಗಶ್ ಬೊಬೊ ಬಿಸಿಲು ಕಾಯಿಸುತ್ತ ಕೂತಿದ್ದರು. ತೊಂಬತ್ತು ಮುಟ್ಟಿದ ಅಜ್ಜ. ಅಂಥವರ ಮುಂದೆ ಎದೆಗೆ ಕೈಯಿಟ್ಟು ಬಾಗದೆ ಹೋಗುವುದುಂಟೆ? ಮೇಷ್ಟ್ರು ಕೈಯಿಟ್ಟರು, ಬಾಗಲಾಗಲಿಲ್ಲ. ನೆಟ್ಟಗೆ ನಿಂತು ಸಲಾಂ ಹೇಳಿದರು.

"ಓಹೋ," ಎಂದರು ಬೊಬೊ. "ನಿಮ್ಮಪ್ಪ ನನ್ನ ಮುಂದೆ ನೆಲ ಮುಟ್ಟೋ ಹಾಗೆ ಬಾಗ್ತಿದ್ದ. ನೀನು ಓದಿದೋನು, ನಿನಗೆ ನೆಲ ದೂರ ಆಯ್ತು."

ಮೇಷ್ಟ್ರು ಕಂಗಾಲಾಗಿ ಸೊಂಟದ ಕತೆ ಹೇಳಿದರು. ಕೋಪ ಕರಗಿದ ಬೊಬೊ ಒಳಗೆ ಹೋಗಿ, ಒಂದು ತುಂಡು ರೊಟ್ಟಿ ತಂದರು. ರೊಟ್ಟಿಯ ಮೇಲೆ ಒಂದು ಬಿಳಿಯ ಗುಳಿಗೆ. ತೀರಿಹೋದ ಅಣ್ಣನದು, ಬಹಳ ಒಳ್ಳೆಯದು ಎಂದರು. ಅಣ್ಣ ಯಾವುದರಿಂದ ತೀರಿಹೋದ ಎಂದು ಹೇಳಲಿಲ್ಲ.

ಹಿರಿಯರು ರೊಟ್ಟಿಯ ಮೇಲಿಟ್ಟು ಕೊಟ್ಟದ್ದನ್ನು ಬೇಡವೆನ್ನುವ ಹಾಗಿಲ್ಲ. ಒಂದು ರೊಟ್ಟಿ ನುಂಗಬೇಡ ಎನ್ನುತ್ತಿತ್ತು, ಇನ್ನೊಂದು ರೊಟ್ಟಿ ನುಂಗು ಎನ್ನುತ್ತಿತ್ತು. ಮೇಷ್ಟ್ರು ರೊಟ್ಟಿಯನ್ನು ಬಾಯಿಗಿಟ್ಟರು, ಗುಳಿಗೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಹಣೆಯ ಬೆವರೊರೆಸುವವರಂತೆ ತಮ್ಮ ನಾಲ್ಕು ಮೂಲೆಯ ಕಪ್ಪು ಟೋಪಿಯೊಳಗೆ ತೂರಿಸಿದರು. ಟೋಪಿ ಭದ್ರವಾಗಿತ್ತು. ಬಾಗದ ಮನುಷ್ಯನ ಟೋಪಿ ಬೀಳುವುದಾದರೂ ಹೇಗೆ?

ಉಪಾಯ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಮುಳುವಾಯಿತು. ಮಾಂಸದಂಗಡಿಯ ಹೊಶಿಮ್ ಅರ್ಧ ಕುರಿಯನ್ನು ಕೊಕ್ಕೆಗೆ ಸಿಕ್ಕಿಸಿ ಬಂದು ಗುಂಡಿಯಷ್ಟು ದೊಡ್ಡ ಗುಳಿಗೆಯೊಂದನ್ನು ಅಂಗೈಗೆ ಒತ್ತಿದ. ಇದು ಕೊಟ್ಟರೆ ಸಂಜೆಯೊಳಗೆ ಕುಣಿಯುತ್ತವೆ ಎಂದ. ಯಾವುವು ಕುಣಿಯುತ್ತವೆ ಎಂದು ಮೇಷ್ಟ್ರು ಕೇಳಲಿಲ್ಲ. ಟೋಪಿ. ಶಾಲೆಯ ಸ್ಟಾಫ್‌ರೂಮಿನಲ್ಲಿ ವ್ಯಾಯಾಮದ ಮೇಷ್ಟ್ರು ಹಳದಿಯದೊಂದು ಕೊಟ್ಟರು. ಭೂಗೋಳದ ಟೀಚರು ಹಳದಿ ಹಳೆಯ ಕಾಲದ್ದು, ಇದು ಹೊಸದು ಎಂದು ಗುಲಾಬಿಯದು ಕೊಟ್ಟರು. ಎರಡೂ ಔಷಧಿ ಅಂಗಡಿಯವ ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ಬಿಡಿಗಳು. ಕತ್ತರಿ ಹೆಸರಿನ ನಡುವೆಯೇ ಹಾದಿತ್ತು. ಒಂದರ ಮೇಲೆ 'ಫೆನ್' ಉಳಿದಿತ್ತು, ಇನ್ನೊಂದರ ಮೇಲೆ ಬರಿಯ ಮಿಲಿಗ್ರಾಂ. ಟೋಪಿ, ಮತ್ತೆ ಟೋಪಿ. ಮೇಷ್ಟ್ರು ನಡೆದರೆ ತಲೆಯ ಮೇಲೆ ಗಿಲಕಿಯ ಸದ್ದು ಕೇಳತೊಡಗಿತು.

ಮಧ್ಯಾಹ್ನ ಇನೊಯತ್ ಖೋಲಾ ಎದುರಾದಳು. ಮೊಹಲ್ಲಾದ ಚಿಕ್ಕಮ್ಮ. ಐವತ್ತು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಸೂಜಿ ಚುಚ್ಚುತ್ತ ಬಂದವಳು. ಈ ಬೀದಿಯಲ್ಲಿ ಆಕೆ ಕಾಣದ ಪೃಷ್ಠವಿರಲಿಲ್ಲ.

"ಗೋಡೆ ಕಡೆ ತಿರುಗು," ಎಂದಳು, ಕೈಚೀಲದಿಂದ ಸಿರಿಂಜು ತೆಗೆಯುತ್ತ. "ಗುಳಿಗೆ ಬಾಡಿಗೆ ಕತ್ತೆ ಇದ್ದ ಹಾಗೆ. ಸೂಜಿ ಅಂದ್ರೆ ಕುದುರೆ."

"ನಡುಬೀದಿಯಲ್ಲಾ ಖೋಲಾ?"

"ನಿನಗೆ ಏಳು ವರ್ಷ ಆಗಿದ್ದಾಗ ನಡುಬೀದಿಯಲ್ಲೇ ಚುಚ್ಚಿದ್ದೆ. ಆಗೇನೂ ಕಳೆದುಹೋಗಲಿಲ್ಲ."

ಮೇಷ್ಟ್ರು ಗೋಡೆಗೆ ಬೆನ್ನೊತ್ತಿ ಭಿತ್ತಿಚಿತ್ರದಂತೆ ಅಂಟಿಕೊಂಡು ಬೇಡಿಕೊಂಡರು. ಮನೆಯಲ್ಲಿ ಸಿರಿಂಜಿದೆ, ನಾನೇ ಚುಚ್ಚಿಕೊಳ್ಳುತ್ತೇನೆ ಎಂದು ಹೇಳಿ, ಔಷಧಿಯ ಗಾಜಿನ ಕೊಳವೆಯನ್ನು ಮಾತ್ರ ಇಸಿದುಕೊಂಡರು. ಅದೂ ಟೋಪಿಗೇ ಹೋಯಿತು.

ನಾಲ್ಕಕ್ಕೆ ಮೇಷ್ಟ್ರು ಕ್ಲಿನಿಕ್ಕಿಗೆ ಹೊರಟಾಗ ಒಬ್ಬರೇ ಹೊರಡಲಿಲ್ಲ. ತಂತಮ್ಮ ಔಷಧಿಯ ಪ್ರಭಾವ ನೋಡಲು ಕೊಟ್ಟವರೆಲ್ಲ ಹಿಂದೆ ಬಂದರು. ಮೋಸವಿದೆಯೇ ಎಂದು ನೋಡಲು ಕಮೊಲೋವ್ ಬಂದರು. ಗಂಡನನ್ನು ಕಾಯಲು ಸಬೊಹತ್ ಮೊದಲೇ ಕ್ಲಿನಿಕ್ಕಿಗೆ ಹೋಗಿದ್ದಳು. ದಾರಿಯುದ್ದಕ್ಕೂ ಜಗಳ. ಮೇಷ್ಟ್ರು ಸ್ವಲ್ಪ ಬೇಗ ಹೆಜ್ಜೆಯಿಟ್ಟರೆ ಹೊಶಿಮ್ ಅದು ತನ್ನದೆಂದ, ಭೂಗೋಳದ ಟೀಚರು ತನ್ನದೆಂದರು. ಕುದುರೆ ಈಗ ಹೊರಟಿದೆ ನೋಡಿ ಎಂದಳು ಖೋಲಾ.

ಓಪಾ ಪೊರಕೆಯನ್ನು ಮೂಲೆಗಿಟ್ಟು, ದೂಳು ಕೊಡವಿ, ಬಿಳಿ ಕೋಟು ತೊಟ್ಟು ಕೂತಿದ್ದರು. ಸೊಂಟ ಒತ್ತಿ ನೋಡಿದರು, ಕಾಲು ಜೋಮು ಹಿಡಿದಿದೆಯೇ ಎಂದು ಕೇಳಿದರು, ನರಕ್ಕೇನೂ ಆಗಿಲ್ಲ, ಬರಿ ಸ್ನಾಯು ಎಂದರು. ಚೀಟಿಯ ಪುಸ್ತಕ ತೆರೆದರು. ಮೊಹರನ್ನು ಶಾಯಿಗೆ ಒತ್ತಿದರು. ಮೇಷ್ಟ್ರ ಕಣ್ಣಿಗೆ ಆ ಮೊಹರು ಹುಣ್ಣಿಮೆಯ ಚಂದ್ರನಂತೆ ಕಂಡಿತು.

"ಏನಾದರೂ ತಗೊಂಡಿರಾ?" ಎಂದರು ಓಪಾ, ತಲೆಯೆತ್ತದೆ.

ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಬಾಗಿಲಲ್ಲಿ ನಿಂತಿದ್ದವರೆಲ್ಲ ಉತ್ತರ ಕೊಟ್ಟರು. ಬಿಳಿಯದು, ದೊಡ್ಡದು, ಹಳದಿ, ಗುಲಾಬಿ. ಜೊತೆಗೊಂದು ಸೂಜಿ.

ಓಪಾರ ಕೈ ನಿಂತಿತು. ಅವರು ಕಾರ್ಡಿನ ಮೇಲಿನ ಕೆಂಪು ಶಾಯಿ ನೋಡಿದರು, ಮೇಷ್ಟ್ರ ಮುಖ ನೋಡಿದರು, ಮೊಹರು ಕೆಳಗಿಟ್ಟು ಫೋನು ಎತ್ತಿದರು. ಹುಣ್ಣಿರುವ ಹೊಟ್ಟೆಗೆ ಐದು ಬಗೆ. ಆಂಬುಲೆನ್ಸ್ ಕರೆಸುತ್ತೇನೆ, ಬಾಯಿಂದ ಹೊಟ್ಟೆಗೆ ನಳಿಗೆ ಇಳಿಸಬೇಕು, ಕಡಿಮೆಯೆಂದರೆ ಮೂರು ದಿನ ಎಂದರು. ಸಬೊಹತ್ ಗಂಡನನ್ನು ನೋಡಿದ ನೋಟದಲ್ಲಿ ಭಯ ಅರ್ಧ, ಮುರಿದ ರೊಟ್ಟಿ ಅರ್ಧ.

ನೊರ್ಮತ್ ಮೇಷ್ಟ್ರು ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದರು. ನುಂಗಿಲ್ಲ ಎಂದರೆ ಬೊಬೊರ ರೊಟ್ಟಿಗೆ, ಐದು ಮನೆಗೆ ಅವಮಾನ. ನುಂಗಿದೆ ಎಂದರೆ ಆಸ್ಪತ್ರೆ. ನಾಳೆ ಕೊಕಂದ್‌ನ ಹೊಸಿಲಲ್ಲಿ ತೊಟ್ಟಿಲು ಹೊರುವವರಿಲ್ಲ. ಅವರು ಜಗಲಿಯ ಮೇಲಿನ ಕೆಂಪು ತೊಟ್ಟಿಲನ್ನು ನೆನೆದರು. ಎದೆಗೆ ಕೈಯಿಟ್ಟರು.

"ಬೊಬೊ, ತಪ್ಪಾಯಿತು," ಎಂದರು. ಹಲ್ಲು ಕಚ್ಚಿ ಬಾಗಿದರು. ಅವರಪ್ಪ ಬಾಗುತ್ತಿದ್ದ ಹಾಗೆ, ನೆಲ ಮುಟ್ಟುವ ಹಾಗೆ.

ಸೊಂಟದೊಳಗೆ ಅಗಳಿ ಸರಿದ ಸದ್ದು ಕಾರಿಡಾರಿನವರೆಗೆ ಕೇಳಿಸಿತು. ಟೋಪಿ ಉರುಳಿತು. ಬಿಳಿ, ಹಳದಿ, ಗುಲಾಬಿ ಗುಳಿಗೆಗಳು ಸಿಮೆಂಟಿನ ಮೇಲೆ ಪಟಪಟನೆ ಹಾರಿದವು. ಗುಂಡಿಯಷ್ಟು ದೊಡ್ಡದು ಚಕ್ರದಂತೆ ಉರುಳಿ ಕಮೊಲೋವ್‌ರ ಬೂಟಿಗೆ ತಾಗಿ ನಿಂತಿತು. ಕೊನೆಗೆ ಗಾಜಿನ ಕೊಳವೆ ಬಿತ್ತು. ಅದು ಮಾತ್ರ ಹೇಗೋ ಒಡೆಯಲಿಲ್ಲ.

ಓಪಾ ಒಂದೊಂದನ್ನೇ ಆಯ್ದು ಮೇಜಿನ ಮೇಲೆ ಸಾಲಾಗಿಟ್ಟರು. ನಿಧಾನವಾಗಿ ಅವರ ಮುಖಕ್ಕೆ ಬಣ್ಣ ಮರಳಿತು.

"ಹಳದಿ, ಗುಲಾಬಿ, ಸೂಜಿ. ಮೂರೂ ಒಂದೇ ತಾಯಿಯ ಮಕ್ಕಳು, ಅಂಗಿ ಮಾತ್ರ ಬೇರೆ," ಎಂದರು. "ಮೂರನ್ನೂ ನುಂಗಿದರೆ ನೋವು ಮೂರು ಪಟ್ಟು ಹೋಗೋದಿಲ್ಲ, ಹೊಟ್ಟೆ ಮೂರು ಕಡೆ ತೂತಾಗುತ್ತೆ. ಬೊಬೊ, ನಿಮ್ಮದು ತಯಾರಾಗೋದು ನಿಂತೇ ಆರು ವರ್ಷ ಆಗಿದೆ. ಹೊಶಿಮ್, ಇದು ಕುರಿಗಳ ಹೊಟ್ಟೆಹುಳಕ್ಕೆ ಕೊಡೋದು."

"ಕುರಿಗಳು ಇದುವರೆಗೆ ದೂರು ಹೇಳಿಲ್ಲ ಓಪಾ," ಎಂದ ಹೊಶಿಮ್.

ಓಪಾ ಮತ್ತೆ ಐದು ನಿಮಿಷ ಬಿಡದೆ ಹೇಳಿದರು. ನೋವಿಗೆ ಒಂದೇ ಬಗೆ, ಸಾಲುವಷ್ಟು ಕಡಿಮೆ, ಊಟದ ಮೇಲೆ, ನಾಲ್ಕಾರು ದಿನ ಮಾತ್ರ. ಹೊಟ್ಟೆಹುಣ್ಣು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಹೆಸರು ಓದಲು ಬಾರದ ಗುಳಿಗೆ ಗುಳಿಗೆಯೇ ಅಲ್ಲ. ರೊಟ್ಟಿ ಹಂಚಿ, ಉಪ್ಪು ಹಂಚಿ, ಔಷಧಿ ಹಂಚಬೇಡಿ. ಬೊಬೊ ಬಹಳ ಹೊತ್ತು ಗಡ್ಡ ನೀವಿಕೊಂಡರು. ಕೊನೆಗೆ, ಅಣ್ಣ ಯಾಕೆ ಸತ್ತ ಅಂತ ಈಗ ಗೊತ್ತಾಯ್ತು ಎಂದರು. ಅವಮಾನವನ್ನು ಅವರು ಮರೆತೇಬಿಟ್ಟಿದ್ದರು. ಸಬೊಹತ್ ಗಂಡನ ಟೋಪಿಯನ್ನು ನೆಲದಿಂದೆತ್ತಿ ದೂಳು ಕೊಡವಿ, ಸ್ವಂತ ಕೈಯಿಂದ ತಲೆಗಿಟ್ಟಳು.

ಸೊಂಟ ಬಾಗಿದ್ದನ್ನು ಕಮೊಲೋವ್ ಕಣ್ಣಾರೆ ಕಂಡಿದ್ದರು. ಇನ್ನು ಚೀಟಿ ಯಾಕೆ ಎಂದರು. ಓಪಾ ಅವರನ್ನು ಪೊರಕೆ ನೋಡುವ ಹಾಗೆ ನೋಡಿದರು. ಹಿಡಿದು ಬಿಟ್ಟ ಸೊಂಟಕ್ಕೆ ಬಿಸಿ ಬಟ್ಟೆಯ ಶಾಖ ಬೇಕು, ನಿಧಾನ ನಡಿಗೆ ಬೇಕು, ಪೊರಕೆ ಬೇಡ ಎಂದರು. ಒಂದು ದಿನಕ್ಕಿಂತ ಹೆಚ್ಚು ಬರೆಯುವ ಅಧಿಕಾರ ತನಗಿಲ್ಲ, ಆ ಒಂದನ್ನು ಬರೆದೇ ಬರೆಯುತ್ತೇನೆ ಎಂದು ಶನಿವಾರದ ತಾರೀಖು ಹಾಕಿ, ಮೊಹರನ್ನು ಮೇಜು ನಡುಗುವಂತೆ ಗುದ್ದಿದರು.

ಮೇಷ್ಟ್ರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ಸೊಂಟವೂ ಬಂತು, ಚೀಟಿಯೂ ಬಂತು. ಸಂತೋಷಕ್ಕೆ ಅವರು ಎಲ್ಲರಿಗೂ ಒಬ್ಬೊಬ್ಬರಾಗಿ ಬಾಗಿ ನಮಿಸಿದರು. ಖೋಲಾಗೆ ಎರಡು ಸಲ.

ಆಗ ಕಮೊಲೋವ್‌ರ ಫೋನು ಬಡಿದುಕೊಂಡಿತು. ಅವರು ನೆಟ್ಟಗೆ ನಿಂತು, ಹೌದು, ಹೌದು, ಆಗಲಿ ಎಂದು ಗೋಡೆಗೆ ತಲೆಯಾಡಿಸಿದರು. ಕಾರ್ಯಕ್ರಮ ಬದಲಾಗಿತ್ತು. ದೊಡ್ಡವರು ಶನಿವಾರ ಕೊಕಂದ್ ನೋಡುತ್ತಾರೆ. ಮರ್ಗಿಲಾನಿಗೆ ಬರುವುದು ಭಾನುವಾರ.

ಅವರು ಹೇಳಿ ಮುಗಿಸುವ ಮೊದಲೇ ಸಬೊಹತ್‌ಳ ಫೋನೂ ಬಡಿಯಿತು. ಕೊಕಂದ್‌ನಿಂದ ಮಗಳು. ಅವಳ ಮಾವ ಅಲ್ಲಿ ಶಾಲೆಯ ಮೇಷ್ಟ್ರು, ಅತ್ತೆ ನರ್ಸು, ಗಂಡ ಅಂಚೆಯವ. ಈಗಷ್ಟೇ ಅಪ್ಪಣೆ ಬಂದಿದೆಯಂತೆ: ನಾಳೆ ಮೂವರೂ ಐದಕ್ಕೇ ಪೊರಕೆ ಹಿಡಿದು ರಸ್ತೆಗೆ. ತೊಟ್ಟಿಲ ಶಾಸ್ತ್ರ ಭಾನುವಾರಕ್ಕೆ ಹೋಗಿದೆ. ಅಪ್ಪ ತಪ್ಪದೆ ಬರಬೇಕು.

ಮೇಷ್ಟ್ರು ಕೈಯಲ್ಲಿದ್ದ ಚೀಟಿ ನೋಡಿದರು. ಮೊಹರು ಇನ್ನೂ ಒಣಗಿರಲಿಲ್ಲ. ಶನಿವಾರ.

"ಭಾನುವಾರ ಬೆಳಿಗ್ಗೆ ಐದಕ್ಕೆ ಮೇಷ್ಟ್ರೇ," ಎಂದರು ಕಮೊಲೋವ್, ಬಹಳ ಮೃದುವಾಗಿ. "ಆ ತೊಂಬತ್ತೊಂದನೆಯ ಮರ ಅರ್ಧಕ್ಕೇ ನಿಂತಿದೆ."

ಮೇಷ್ಟ್ರು ಎರಡೂ ಕೈಗಳಿಂದ ಸೊಂಟ ಹಿಡಿದು, ಕಣ್ಣು ಮೇಲೆ ಮಾಡಿ ನರಳಿದರು. ಚೆನ್ನಾಗಿಯೇ ನರಳಿದರು. ಆದರೆ ಆಗಷ್ಟೇ ಅವರಿಂದ ಬಾಗಿ ನಮಸ್ಕಾರ ಹಾಕಿಸಿಕೊಂಡ ಎಲ್ಲರೂ ಎದುರಿಗಿದ್ದರು. ಬೊಬೊ ಮೊದಲು ನಕ್ಕರು, ಆಮೇಲೆ ಹೊಶಿಮ್, ಆಮೇಲೆ ಕಾರಿಡಾರೇ ನಕ್ಕಿತು. ಸಬೊಹತ್ ತಲೆವಸ್ತ್ರದ ಅಂಚು ಬಾಯಿಗೊತ್ತಿಕೊಂಡಳು. ಓಪಾ ಕೂಡ ಚೀಟಿಯ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು.

ನಗದೇ ಇದ್ದವಳು ಇನೊಯತ್ ಖೋಲಾ ಒಬ್ಬಳೇ. ಆಕೆ ಮೇಜಿನ ಮೇಲಿದ್ದ ಗಾಜಿನ ಕೊಳವೆಯತ್ತ ಕೈ ಚಾಚಿ, ಇನ್ನೊಂದು ಕೈಯಲ್ಲಿ ಸಿರಿಂಜು ತೆಗೆದು, ಓಪಾ ಹೇಳಿದ್ದರಲ್ಲಿ ತನಗೆ ನೆನಪುಳಿದ ಒಂದೇ ಮಾತನ್ನು ಕೇಳಿದಳು:

"ಊಟ ಆಗಿದೆಯಾ?"

ನೊರ್ಮತ್ ಮೇಷ್ಟ್ರು ಕ್ಲಿನಿಕ್ಕಿನ ಬಾಗಿಲು ದಾಟಿ, ಮೆಟ್ಟಿಲು ಹಾರಿ, ತೊಂಬತ್ತೊಂದು ಮರಗಳನ್ನೂ ಒಂದೇ ಉಸಿರಿನಲ್ಲಿ ಹಿಂದೆ ಹಾಕಿ ಓಡಿದರು. ಅಷ್ಟು ಚೆನ್ನಾಗಿ ಓಡುವ ಸೊಂಟಕ್ಕೆ ಚೀಟಿ ಬರೆಯುವ ಡಾಕ್ಟರು ಇಡೀ ಪ್ರಾಂತ್ಯದಲ್ಲಿ ಇನ್ನೂ ಹುಟ್ಟಿರಲಿಲ್ಲ.