ಅಕ್ಕುವಿನ ಸ್ಪ್ಯಾನಿಷ್ ಕಷಾಯ

"ಕಲಿತೇ ಕಲೀತೇನೆ! ಕ್ಲಾಸೂ ಬೇಡ, ಟೀಚರೂ ಬೇಡ!"

ಚೆಂಬೂರಿನ ಹಳೆಯ ಬಿಲ್ಡಿಂಗೊಂದರ ಮೂರನೇ ಮಾಳಿಗೆಯಲ್ಲಿ, ದೋಸೆ ಮಗುಚುವ ಸಟ್ಟುಗವನ್ನು ಖಡ್ಗದಂತೆ ಮೇಲೆತ್ತಿ, ಐವತ್ತಾರು ವರ್ಷದ ಅಕ್ಕು ಹೀಗೊಂದು ಪ್ರತಿಜ್ಞೆ ಮಾಡಿದಳು. ಕಾವಲಿಯ ಮೇಲಿದ್ದ ದೋಸೆ ಆ ಗಾಂಭೀರ್ಯಕ್ಕೆ ಅಂಜಿಯೋ ಏನೋ, ಅಲ್ಲೇ ಕರಟಿಹೋಯಿತು.

ಪ್ರತಿಜ್ಞೆಗೆ ಕಾರಣ ಮಗಳು ಲಾವಣ್ಯಾ. ಅವಳು ಕೆಲಸ ಮಾಡುವ ಕುರ್ಲಾದ ಕಂಪೆನಿಯನ್ನು ಸ್ಪೇನ್ ದೇಶದವರು ಕೊಂಡುಕೊಂಡಿದ್ದರು. ಆಫೀಸಿನವರೇ ಎಲ್ಲರಿಗೂ ಸ್ಪ್ಯಾನಿಷ್ ಕ್ಲಾಸ್ ಇಟ್ಟರೆ, ಲಾವಣ್ಯಾ ಆರನೇ ವಾರಕ್ಕೇ ಕೈಚೆಲ್ಲಿ ಮನೆಗೆ ಬಂದಿದ್ದಳು.

"ತುಂಬಾ ಟಫ್ ಉಂಟಮ್ಮಾ. ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ! ಯಾರು ನೆನಪಿಡ್ತಾರೆ ಇದನ್ನೆಲ್ಲ?"

"ಹಿಂದಿಯಲ್ಲಿ ರೈಲುಗಾಡಿ ಹೆಣ್ಣಲ್ವಾ? ಅದಕ್ಕೆ ದಿನಾ ನೇತಾಡಿಕೊಂಡು ಹೋಗ್ತಿಯಲ್ಲ, ಆಗ ಟಫ್ ಆಗ್ಲಿಲ್ವಾ?" ಎಂದಳು ಅಕ್ಕು.

"ಮಾತಾಡೋದು ಈಝಿ. ನೀನೇ ಕಲಿ ನೋಡುವ!"

ಅಷ್ಟೇ. ಎದ್ದಿತು ಸಟ್ಟುಗ!

ಅಕ್ಕುವಿನ ಆತ್ಮವಿಶ್ವಾಸಕ್ಕೆ ಆಧಾರವಿಲ್ಲದಿರಲಿಲ್ಲ. ತುಳು ತಾಯಿಯಿಂದ ಬಂದದ್ದು. ಕನ್ನಡ ಮುನಿಸಿಪಾಲಿಟಿ ಶಾಲೆಯಲ್ಲಿ ಕಲಿತದ್ದು. ಮರಾಠಿಯನ್ನು ನಳದ ಕ್ಯೂನಲ್ಲಿ, ಹಿಂದಿಯನ್ನು ತರಕಾರಿಯವನ ಜೊತೆ ಚೌಕಾಸಿಯಲ್ಲಿ, ಕೊಂಕಣಿಯನ್ನು ಸಾಂತಾಕ್ರೂಜ್‌ನ ಹಳೆಯ ಚಾಳಿನಲ್ಲಿ ಪಕ್ಕದ ಖೋಲಿಯ ಫಿಲೋಮಿನಾ ಬಾಯಿಯೊಡನೆ ಜಗಳಾಡಿ ಸಂಪಾದಿಸಿದ್ದಳು. ಐದು ಭಾಷೆಗೆ ಬೇಡವಾದ ಮೇಷ್ಟ್ರು ಆರನೆಯದಕ್ಕೆ ಯಾಕೆ?

ಗಂಡ ಚೆನ್ನಯ ಸಾಂತಾಕ್ರೂಜ್‌ನ ಉಡುಪಿ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷದಿಂದ ಮ್ಯಾನೇಜರು. ಅವನು ಪೇಪರಿನಿಂದ ತಲೆಯೆತ್ತದೆ ಕೇಳಿದ: "ಎಂತಕ್ಕೆ ಮಾರಾಯ್ತಿ? ನಮ್ಮ ಹೋಟೆಲಿಗೆ ಸ್ಪೇನಿನವ ಬಂದ್ರೂ ಇಡ್ಲಿಗೆ ಇಡ್ಲಿ ಅಂತ್ಲೇ ಹೇಳ್ತಾನೆ."

"ನೀವು ಸುಮ್ಮನಿರಿ. ನಿಮ್ಮ ಪ್ರಪಂಚ ಇಡ್ಲಿಯಷ್ಟೇ ದೊಡ್ಡದು!"

ಮರುದಿನದಿಂದ ಅಕ್ಕುವಿನ ಎರಡು ಕಿವಿಗಳೂ ಸ್ಪೇನಿಗೆ ಅರ್ಪಣೆಯಾದವು. ಮೊಬೈಲಿನಲ್ಲಿ ಪಾಡ್‌ಕಾಸ್ಟು, ಅದರಲ್ಲಿ ಒಬ್ಬಳು ಹೆಂಗಸು ಜ್ವರ ಬಂದವರಂತೆ ನಿಧಾನವಾಗಿ ಒಂದೊಂದೇ ಮಾತು ಹೇಳಿ, "ನೀವೂ ಹೇಳಿ" ಎನ್ನುವಳು. ಅಕ್ಕು ಗಟ್ಟಿಯಾಗಿ ಹೇಳುವಳು. ಕುಕ್ಕರು ಎಂಟು ಸಲ ಕೂಗಿ ಸುಸ್ತಾಗಿ ಮಲಗುವುದು, ಬೇಳೆ ಅಂಟಾಗುವುದು. ಒಂದು ಬೆಳಿಗ್ಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು "ನಾನು ಹಸಿದಿದ್ದೇನೆ, ನಾನು ಬಹಳ ಹಸಿದಿದ್ದೇನೆ" ಎಂದು ಸ್ಪ್ಯಾನಿಷಿನಲ್ಲಿ ಗಾಳಿಗೆ ಹೇಳಿದಾಗ, ಕಿಟಕಿ ಪಕ್ಕದ ಹುಡುಗಿ ಬೆಚ್ಚಿಬಿದ್ದು ಎದ್ದು ಸೀಟು ಬಿಟ್ಟುಕೊಟ್ಟಳು! ಮುಂಬಯಿಯಲ್ಲಿ ವಿಂಡೋ ಸೀಟು ತಂದುಕೊಡುವ ಭಾಷೆ ಸಾಮಾನ್ಯದ್ದೇ?

ಎದುರು ಮನೆಯ ಸಾವಂತ್ ವಹಿನಿ ಮರಾಠಿ ಹೆಂಗಸರ ರೂಢಿಯಂತೆ ಗಂಡನನ್ನು "ಅಹೋ! ಅಹೋ!" ಎಂದು ಕರೆಯುವವಳು. ಅಕ್ಕು ಓಡಿಹೋಗಿ ಅವಳ ಜ್ಞಾನನೇತ್ರ ತೆರೆಸಿದಳು.

"ವಹಿನೀ, ಸ್ಪ್ಯಾನಿಷಿನಲ್ಲಿ ಆಹೋ ಅಂದ್ರೆ ಬೆಳ್ಳುಳ್ಳಿ! ಇಪ್ಪತ್ತು ವರ್ಷದಿಂದ ಗಂಡನಿಗೆ ಬೆಳ್ಳುಳ್ಳಿ ಅಂತ ಕರೀತಿದ್ದೀರಿ ನೀವು!"

ವಹಿನಿ ಕ್ಷಣ ಯೋಚಿಸಿ, "ವಾಸನೆಗೆ ಸರಿಯಾಗಿದೆ ಬಿಡಿ" ಎಂದು ಬಾಗಿಲು ಹಾಕಿಕೊಂಡಳು.

ಕೇಳಿದರೆ ಸಾಲದು, ಓದಲೂ ಬೇಕು ಎಂದು ಪಾಡ್‌ಕಾಸ್ಟಿನವಳು ಹೇಳಿದ್ದಳು. ಸ್ಪ್ಯಾನಿಷ್ ಪುಸ್ತಕ ಎಲ್ಲಿಂದ ತರುವುದು? ಹುಡುಕಿದರೆ ಮನೆಯೊಳಗೇ ಇತ್ತು! ವಾಷಿಂಗ್ ಮಷೀನಿನ ಜೊತೆ ಬಂದಿದ್ದ ಹನ್ನೆರಡು ಭಾಷೆಗಳ ಕೈಪಿಡಿ. ಹಿಂದಿ ಪುಟ ಎಡಕ್ಕೆ, ಸ್ಪ್ಯಾನಿಷ್ ಪುಟ ಬಲಕ್ಕೆ ಇಟ್ಟುಕೊಂಡು ಅಕ್ಕು ದಿನಾ ಮಧ್ಯಾಹ್ನ ಪಾರಾಯಣ ಮಾಡಿದಳು. ನಾಲ್ಕು ತಿಂಗಳಲ್ಲಿ ಇಡೀ ಗ್ರಂಥ ಬಾಯಿಪಾಠ.

"ನಿನ್ನದು ಸ್ಪ್ಯಾನಿಷ್ ಅಲ್ಲ, ಸ್ಪಿನ್ನಿಷ್!" ಎಂದು ಚೆನ್ನಯ ತನ್ನ ಜೋಕಿಗೆ ತಾನೇ ನಕ್ಕ.

"ನಗಿ, ನಗಿ. ಒಂದು ದಿನ ನನ್ನ ಸ್ಪ್ಯಾನಿಷೇ ಈ ಮನೆಯ ಮರ್ಯಾದೆ ಉಳಿಸ್ತದೆ!"

ಆ ದಿನ ಎಂಟನೇ ತಿಂಗಳಲ್ಲಿ ಬಂತು. ಲಾವಣ್ಯಾ ಉಗುರು ಕಚ್ಚುತ್ತ ಹೇಳಿದಳು: "ಅಮ್ಮಾ, ಸ್ಪೇನಿನಿಂದ ದೊಡ್ಡ ಬಾಸ್ ಬಂದಿದ್ದಾರೆ, ಎಮಿಲಿಯೊ ಅಂತ. ನಂಗೆ ಟೀಮ್ ಲೀಡರ್ ಕೊಡೋದಾ ಬಿಡೋದಾ ಅವರೇ ಡಿಸೈಡ್ ಮಾಡ್ತಾರೆ. ಅವರಿಗೆ ಮನೆ ಊಟ ಮಾಡ್ಬೇಕಂತೆ. ಶನಿವಾರ ಕರ್ಕೊಂಡು ಬರ್ತೇನೆ. ಆದ್ರೆ ಪ್ಲೀಸ್... ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರ್ತದೆ. ನೀನು ಬರೀ ಸ್ಮೈಲ್ ಮಾಡು, ಸಾಕು."

ಬರೀ ಸ್ಮೈಲ್! ಎಂಟು ತಿಂಗಳ ತಪಸ್ಸು ಮಾಡಿದವಳು ಬರೀ ಹಲ್ಲು ತೋರಿಸಬೇಕೆ?

ಶನಿವಾರ ಎಮಿಲಿಯೊ ಬಂದ. ಅರವತ್ತರ ಆಸುಪಾಸಿನ, ಬಿಳಿ ಗಡ್ಡದ, ತುಂಬಿದ ಮೈಯ ಸಾಧು ಮನುಷ್ಯ. ಅಕ್ಕು ಬಾಗಿಲಲ್ಲೇ ಕೈಮುಗಿದು ಸ್ಪ್ಯಾನಿಷಿನಲ್ಲಿ ಸ್ವಾಗತ ಭಾಷಣ ಶುರುಮಾಡಿಯೇ ಬಿಟ್ಟಳು: "ಶುಭ ಮಧ್ಯಾಹ್ನ! ನನ್ನ ಹೆಸರು ಅಕ್ಕು! ದಯವಿಟ್ಟು ಒಳಗೆ ಬನ್ನಿ, ಬಾಗಿಲು ಭದ್ರವಾಗಿ ಮುಚ್ಚಿರುವುದನ್ನು ಖಚಿತಪಡಿಸಿಕೊಳ್ಳಿ!"

ಕೊನೆಯ ವಾಕ್ಯ ಕೈಪಿಡಿಯ ಆರನೇ ಪುಟದ್ದು. ಎಮಿಲಿಯೊ ಒಂದು ಕ್ಷಣ ಕಣ್ಣರಳಿಸಿ, ಹಿಂದೆ ತಿರುಗಿ ಬಾಗಿಲು ಭದ್ರವಾಗಿ ಮುಚ್ಚಿ, ಖಚಿತಪಡಿಸಿಕೊಂಡು, ಸಂತೋಷದಿಂದ ಅಕ್ಕುವಿನ ಎರಡೂ ಕೈ ಹಿಡಿದು ಕುಲುಕಿದ. ಅಕ್ಕು ಗಂಡನ ಕಡೆ ನೋಡಿದ ನೋಟದಲ್ಲಿ ಇಡೀ ಸಾಮ್ರಾಜ್ಯ ಗೆದ್ದ ಗತ್ತಿತ್ತು.

ಕೋಳಿಸಾರಿನ ಕೋರಿ ರೊಟ್ಟಿ, ನೀರು ದೋಸೆ, ಪಾಯಸ. ಎಮಿಲಿಯೊ ಎರಡು ತುತ್ತು ತಿಂದು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಮತ್ತೆ ಒಂದು ತುತ್ತು, ಮತ್ತೆ ಕರವಸ್ತ್ರ. ಮೂಗು ಬ್ಯಾಡಗಿ ಮೆಣಸಿನಂತೆ ಕೆಂಪಾಗಿತ್ತು. 'ಕೋರಿಯ ಖಾರ' ಎಂದುಕೊಂಡಳು ಅಕ್ಕು. ಅಷ್ಟರಲ್ಲಿ ಲಾವಣ್ಯಾಳಿಗೆ ಆಫೀಸಿನಿಂದ ಫೋನ್ ಬಂದು, "ಟೂ ಮಿನಿಟ್ಸ್" ಎಂದು ಒಳಕೋಣೆಗೆ ಹೋದಳು. ಅವಳ ಎರಡು ಮಿನಿಟು ಅಂದರೆ ಅರ್ಧ ಗಂಟೆ.

ಎಮಿಲಿಯೊ ತಟ್ಟೆ ಸರಿಸಿದ. ಅಕ್ಕು ಸ್ಪ್ಯಾನಿಷಿನಲ್ಲಿ ಕೇಳಿದಳು: "ಯಾಕೆ? ರುಚಿ ಇಲ್ಲವೆ?"

ಅವನು ಸಂಕೋಚದಿಂದ ಎದೆ ಮುಟ್ಟಿಕೊಂಡು, "ತುಂಬ ರುಚಿ, ಸಿನ್ಯೋರಾ. ಆದರೆ ಎಸ್ತೋಯ್ ಕೊನ್ಸ್ತಿಪಾದೊ" ಎಂದ.

ಮೊದಲ ಭಾಗ ಕಲಿತದ್ದೇ. ಕೊನೆಯ ಪದ ಪಾಡ್‌ಕಾಸ್ಟಿನಲ್ಲೂ ಬಂದಿರಲಿಲ್ಲ, ವಾಷಿಂಗ್ ಮಷೀನಿನಲ್ಲೂ ಇರಲಿಲ್ಲ. ಆದರೇನು? ಕಾನ್‌ಸ್ಟಿಪೇಶನ್! ಮುಂಬಯಿಯ ಗೋಡೆ ಗೋಡೆಯ ಮೇಲೆ, ಲೋಕಲ್ ಡಬ್ಬಿಯ ಒಳಗೆಲ್ಲ ಜಾಹೀರಾತು ಅಂಟಿಸಿರುವ ಕಾಯಿಲೆ ಅಕ್ಕುವಿಗೆ ಅರ್ಥವಾಗದೆ?

ಅವಳು ಅಡುಗೆಮನೆಗೆ ಓಡಿದಳು. ಹಿಂದೆಯೇ ಚೆನ್ನಯ ಬಂದ.

"ಎಂತಾಯ್ತು?"

"ಪಾಪ, ಅವರಿಗೆ ಹೊಟ್ಟೆ ಕಟ್ಟಿದೆ. ಎಷ್ಟು ದಿನ ಆಯ್ತೋ ಏನೋ! ವಿಮಾನದಲ್ಲಿ ಕೂತು ಕೂತು..."

"ನಿಂಗೆ ಸರಿ ಗೊತ್ತುಂಟಾ? ಮಗಳನ್ನ ಕೇಳು ಒಮ್ಮೆ."

"ಆರು ವಾರ ಕಲಿತು ಬಿಟ್ಟವಳನ್ನ ಎಂಟು ತಿಂಗಳು ಕಲಿತ ನಾನು ಕೇಳ್ಬೇಕಾ?"

ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿದ ಘಮಘಮ ಕಷಾಯ ಕುದಿಯಿತು. ಅದಕ್ಕೆ ಸುರಿಯಿತು ಹರಳೆಣ್ಣೆ, ಮೂರು ದೊಡ್ಡ ಚಮಚ. ಅಕ್ಕು ಲೋಟ ತಂದಿಟ್ಟು ಘೋಷಿಸಿದಳು: "ಔಷಧಿ! ಭಾರತದ್ದು! ಕೊನ್ಸ್ತಿಪಾದೊಗೆ!"

"ಓ! ಕೊನ್ಸ್ತಿಪಾದೊಗೆ?" ಎಮಿಲಿಯೊನ ಮುಖ ಅರಳಿತು.

"ಹೌದು, ಕೊನ್ಸ್ತಿಪಾದೊಗೆ!"

ಎರಡು ದೇಶಗಳು ಒಂದೇ ಪದದ ಮೇಲೆ ಇಷ್ಟು ಸಲೀಸಾಗಿ ಒಪ್ಪಂದಕ್ಕೆ ಬಂದದ್ದು ಅಪರೂಪ! ಎಮಿಲಿಯೊ ಬಿಸಿ ಬಿಸಿ ಕುಡಿದ. ಮೂಗಿನಿಂದ ದೀರ್ಘವಾಗಿ ಉಸಿರೆಳೆದ. ಆಹಾ ಎಂದು ಎದೆ ಸವರಿಕೊಂಡ. ಆಮೇಲೆ ಲೋಟ ಮುಂದಕ್ಕೆ ಚಾಚಿದ, ಇನ್ನೊಂದು!

ಚೆನ್ನಯ ತುಳುವಿನಲ್ಲಿ ಪಿಸುಗುಟ್ಟಿ ತಡೆದ: ಇಷ್ಟು ಕೊಟ್ಟರೆ ಎಮ್ಮೆಯೂ ತಡೆಯಲಾರದು! ಅಕ್ಕು ಕೇಳಲಿಲ್ಲ. ಅತಿಥಿ ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಮನೆಯೇ ಇದು? ಎರಡನೇ ಲೋಟವೂ ಹೋಯಿತು.

ಮೂರೂವರೆಗೆ ಎಮಿಲಿಯೊ, ಲಾವಣ್ಯಾ ಟ್ಯಾಕ್ಸಿ ಹತ್ತಿದರು. ಅವನ ಹೋಟೆಲು ಸಾಂತಾಕ್ರೂಜ್‌ನಲ್ಲಿ, ಏರ್‌ಪೋರ್ಟಿನ ಬಳಿ. ಅಕ್ಕು ಗ್ಯಾಲರಿಯಲ್ಲಿ ನಿಂತು ಕೈಬೀಸಿದಳು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಫೋನು.

"ಅಮ್ಮಾ!" ಲಾವಣ್ಯಾಳ ದನಿ ನಡುಗುತ್ತಿತ್ತು. "ಲಿಂಕ್ ರೋಡಿನ ಫ್ಲೈಓವರ್ ಮೇಲೆ ಜಾಮ್ ಆಗಿದೆ. ಎಮಿಲಿಯೊ ಸರ್‌ಗೆ ಏನೋ ಆಗ್ತಾ ಉಂಟು! ಬೆವರ್ತಿದ್ದಾರೆ! ಇಂಗ್ಲಿಷೇ ಮರ್ತು ಹೋಗಿದೆ ಅವರಿಗೆ, ಬಾನ್ಯೊ ಬಾನ್ಯೊ ಅಂತ ಚೀರ್ತಿದ್ದಾರೆ! ಬಾನ್ಯೊ ಅಂದ್ರೆ ಯಾರು? ಅವರ ಹೆಂಡ್ತಿಯಾ?"

ಅಕ್ಕುವಿಗೆ ತಟ್ಟನೆ ಹೊಳೆಯಿತು. ಪಾಡ್‌ಕಾಸ್ಟಿನ ಮೂರನೇ ಪಾಠ! "ಹೆಂಡ್ತಿ ಅಲ್ಲ ಮಗಾ! ಕಕ್ಕಸು!"

"ಏನು?!"

"ನಾನು ಸ್ವಲ್ಪ ಹರಳೆಣ್ಣೆ..."

"ಅಮ್ಮಾ!!" ಆ ಚೀರಾಟದ ಹಿಂದೆಯೇ ಇನ್ನೊಂದು: "ಅಯ್ಯೋ, ಬಾಗಿಲು ತೆಗೀತಿದ್ದಾರೆ! ಫ್ಲೈಓವರ್ ಮೇಲೆ ಇಳೀತಾರಂತೆ! ಪಕ್ಕದಲ್ಲಿ ಬೈಕುಗಳು..."

"ಸ್ಪೀಕರ್ ಹಾಕು!" ಅಕ್ಕು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ತುಂಬು ಗಂಟಲಿನಿಂದ, ವ್ಯಾಕರಣದ ಒಂದು ತಪ್ಪೂ ಇಲ್ಲದ ಸ್ಪ್ಯಾನಿಷಿನಲ್ಲಿ, ಕೈಪಿಡಿಯ ಹದಿನಾಲ್ಕನೇ ಪುಟ ಗರ್ಜಿಸಿತು: "ಅಪಾಯ! ಯಂತ್ರ ಪೂರ್ತಿ ನಿಲ್ಲುವ ತನಕ ಬಾಗಿಲು ತೆರೆಯಬೇಡಿ! ನೀರು ಹೊರಚೆಲ್ಲಬಹುದು!"

ಆ ಕಡೆ ಟ್ಯಾಕ್ಸಿಯ ಬಾಗಿಲು ಮುಚ್ಚಿದ ಸದ್ದು. "ಕೂತ್ರು," ಎಂದಳು ಲಾವಣ್ಯಾ.

ಇನ್ನು ಚೆನ್ನಯನ ಸರದಿ. ಕುರ್ಲಾದಲ್ಲಿ ಹೋಟೆಲ್ ಇಟ್ಟಿರುವ ಊರಿನ ಗೆಳೆಯ ಮೋನಪ್ಪನಿಗೆ ಆಗಲೇ ಫೋನ್ ಹಚ್ಚಿದ್ದ. "ಮೋನಪ್ಪಾ, ನಿನ್ನ ಹೋಟೆಲಿನ ಟಾಯ್ಲೆಟ್ ರಿಸರ್ವ್ ಮಾಡು! ಗಿರಾಕಿ ಇದ್ರೆ ಹೊರಗೆ ಹಾಕು! ಸ್ಪೇನಿನವ ಬರ್ತಿದ್ದಾನೆ!"

ಅಕ್ಕು ಫೋನಿನಲ್ಲಿ ಹೇಳಿದ ದಾರಿ ಹಿಡಿದು ಫ್ಲೈಓವರ್ ಇಳಿದ ಟ್ಯಾಕ್ಸಿ ಎಷ್ಟು ಸಿಗ್ನಲ್ ಮುರಿಯಿತೋ ಲೆಕ್ಕವಿಲ್ಲ. ಮೋನಪ್ಪ ಸ್ವತಃ ಬಾಗಿಲಲ್ಲಿ ಬಕೆಟು, ಹೊಸ ಸೋಪು ಹಿಡಿದು, ಹೆಗಲ ಮೇಲೆ ಟವೆಲು ಹಾಕಿಕೊಂಡು ಮಂತ್ರಿಯನ್ನು ಎದುರುಗೊಳ್ಳುವಂತೆ ನಿಂತಿದ್ದನಂತೆ. ಎಮಿಲಿಯೊ ಟವೆಲನ್ನು ಕಸಿದುಕೊಂಡು ಹಾರಿಹೋದನಂತೆ.

ಐವತ್ತು ನಿಮಿಷದ ಬಳಿಕ ಲಾವಣ್ಯಾಳ ಫೋನು ಮತ್ತೆ ಬಂತು. ಈ ಸಲ ದನಿ ನಡುಗುತ್ತಿರಲಿಲ್ಲ, ಹೆಪ್ಪುಗಟ್ಟಿತ್ತು.

"ಹೊರಗೆ ಬಂದ್ರು. ಇಂಗ್ಲಿಷ್ ವಾಪಸ್ ಬಂದಿದೆ. ಏನು ಕೇಳಿದ್ರು ಗೊತ್ತಾ? ನಿಮ್ಮ ದೇಶದಲ್ಲಿ ನೆಗಡಿಯನ್ನ ಈ ದಾರಿಯಿಂದ ಹೊರಗೆ ಹಾಕ್ತಾರಾ ಅಂತ!"

"ನೆಗಡಿ?"

"ಕೊನ್ಸ್ತಿಪಾದೊ ಅಂದ್ರೆ ನೆಗಡಿ ಅಮ್ಮಾ! ಮೂಗು ಕಟ್ಟೋದು! ಮೂಗು!"

ಸೋಫಾದ ಮೇಲೆ ಚೆನ್ನಯ ಹೊಟ್ಟೆ ಹಿಡಿದು ಉರುಳಾಡಿದ. "ಕಟ್ಟಿದ್ದು ಮೇಲೆ, ಬಿಚ್ಚಿದ್ದು ಕೆಳಗೆ!"

ಅಕ್ಕು ಬಗ್ಗಲಿಲ್ಲ. ನೆಗಡಿಗೆ ಅಂಥ ಹೆಸರಿಟ್ಟವಳು ತಾನೇನು? "ತಪ್ಪು ನನ್ನದಲ್ಲ, ಆ ಭಾಷೆಯದ್ದು! ಬಾನ್ಯೊ ಗೊತ್ತಿರದಿದ್ರೆ ಇವತ್ತು ಟ್ಯಾಕ್ಸಿಯ ಗತಿ ಎಂತ ಆಗ್ತಿತ್ತು? ಅದನ್ನ ಯಾರಾದ್ರೂ ಹೇಳ್ತೀರಾ?" ಎಂದು ಬೇಳೆ ತೊಳೆಯಲು ಹೋದಳು. ಆದರೆ ತೊಳೆದ ಬೇಳೆಯನ್ನೇ ಮೂರು ಸಲ ತೊಳೆದಳು. ಮಗಳ ಟೀಮ್ ಲೀಡರ್ ಪಟ್ಟ ಕುರ್ಲಾದ ಆ ಟಾಯ್ಲೆಟ್ಟಿನಲ್ಲಿ ಹರಿದುಹೋಯಿತೇ ಎಂಬ ದಿಗಿಲು ಒಳಗೊಳಗೇ ಹಿಂಡುತ್ತಿತ್ತು. ಲಾವಣ್ಯಾ ಮೂರು ದಿನ ಮಾತಾಡಲಿಲ್ಲ. ಅಕ್ಕು ಮೂರು ದಿನವೂ ಪಾಡ್‌ಕಾಸ್ಟ್ ಬಿಡಲಿಲ್ಲ. ಇಯರ್‌ಫೋನ್ ತೆಗೆದಿಟ್ಟು, ಇಡೀ ಮನೆಗೆ ಕೇಳುವಂತೆ ಹಾಕಿದಳು!

ನಾಲ್ಕನೇ ದಿನ ಸಂಜೆ ಲಾವಣ್ಯಾ ಬಂದವಳು ಚಪ್ಪಲಿಯನ್ನೂ ಕಳಚದೆ ಅಮ್ಮನನ್ನು ತಬ್ಬಿಕೊಂಡಳು.

"ಸಿಕ್ತಮ್ಮಾ! ಟೀಮ್ ಲೀಡರ್! ಅಂಥಾ ಟೈಮಲ್ಲಿ ತಲೆ ಕೆಡಿಸ್ಕೊಳ್ದೆ ಹ್ಯಾಂಡಲ್ ಮಾಡಿದೆ ಅಂತ ಮೀಟಿಂಗಲ್ಲಿ ಹೇಳಿದ್ರು. ಎಂಥಾ ಟೈಮ್ ಅಂತ ಮಾತ್ರ ಹೇಳ್ಲಿಲ್ಲ." ಬ್ಯಾಗಿನಿಂದ ಒಂದು ಲಕೋಟೆ ತೆಗೆದಳು. "ಇವತ್ತು ವಾಪಸ್ ಹೋದ್ರು. ಇದು ನಿಂಗೆ. ಸ್ಪ್ಯಾನಿಷಿನಲ್ಲಿದೆ, ನಂಗೆ ಒಂದಕ್ಷರವೂ ಗೊತ್ತಾಗ್ಲಿಲ್ಲ."

ಅಕ್ಕು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ದುಂಡನೆಯ ಅಕ್ಷರ, ಸರಳ ವಾಕ್ಯಗಳು. ಎಂಟು ತಿಂಗಳಲ್ಲಿ ಮೊತ್ತಮೊದಲ ಬಾರಿಗೆ ಒಂದು ಇಡೀ ಕಾಗದ, ಎಲ್ಲೂ ತಡವರಿಸದೆ, ಪದಕ್ಕೆ ಪದ ಸ್ಪಷ್ಟವಾಗಿ ಅರ್ಥವಾಯಿತು:

"ಪ್ರೀತಿಯ ಸಿನ್ಯೋರಾ ಅಕ್ಕು, ನಿಮ್ಮಷ್ಟು ಧೈರ್ಯದಿಂದ ನನ್ನ ಭಾಷೆ ಮಾತಾಡುವವರನ್ನು ನಾನು ನೋಡಿಲ್ಲ. ಮುಂದಿನ ವರ್ಷ ಮತ್ತೆ ಬರುತ್ತೇನೆ. ನೀವು ಸ್ಪ್ಯಾನಿಷ್ ಪೂರ್ತಿ ಕಲಿಯುವವರೆಗೆ ಕಾಯುವ ಶಕ್ತಿ ನನ್ನ ಹೊಟ್ಟೆಗಿಲ್ಲ. ಆದ್ದರಿಂದ ನಾನೇ ಕನ್ನಡ ಕಲಿಯಲು ಶುರುಮಾಡಿದ್ದೇನೆ."

ಚೆನ್ನಯ ಪೇಪರು ಮಡಚಿಟ್ಟು ಹತ್ತಿರ ಬಂದ. ಲಾವಣ್ಯಾ ಕುತ್ತಿಗೆ ಉದ್ದ ಮಾಡಿದಳು.

"ಎಂತ ಬರ್ದಿದ್ದಾನೆ? ಓದಿ ಹೇಳು ಮಾರಾಯ್ತಿ!"

ಅಕ್ಕು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಅರ್ಥ ಆಗ್ಲಿಲ್ಲ," ಎಂದಳು.